ನಿರುದ್ಯೋಗ, ಯಂತ್ರ, ಅಸಮಾನತೆ: ಸುದ್ದಿಯ ಅಂಕಿಯನ್ನು ಬಿಡಿಸಿ ನೋಡುವ ಬಗೆ

ಭಾರತದ ನಿರುದ್ಯೋಗ ದರ 2023–24ರಲ್ಲಿ ಶೇ 3.2 ಎಂದಿತು ಕೇಂದ್ರ ಸರ್ಕಾರದ ಸಮೀಕ್ಷೆ. ಅದೇ ಹೊತ್ತಿಗೆ ಸಿಎಂಐಇ ಎಂಬ ಖಾಸಗಿ ಸಂಸ್ಥೆ ಶೇ 8ರ ಆಸುಪಾಸಿನ ಅಂಕಿ ಕೊಡುತ್ತಿತ್ತು. 2025ರ ಜುಲೈನಲ್ಲಿ ಭಾರತ ಜಗತ್ತಿನ ನಾಲ್ಕನೇ ಅತಿ ಸಮಾನ ದೇಶ ಎಂಬ ಸರ್ಕಾರಿ ಪ್ರಕಟಣೆ ಬಂತು. ಅದರ ಹಿಂದಿನ ವರ್ಷವಷ್ಟೇ ದೇಶದ ಸಂಪತ್ತಿನ ಶೇ 40ರಷ್ಟು ಮೇಲಿನ ಶೇ 1 ಜನರ ಕೈಯಲ್ಲಿದೆ ಎಂಬ ವರದಿ ಓದಿದ್ದೆವು. ಇವುಗಳಲ್ಲಿ ಯಾವುದು ಸುಳ್ಳು ಎಂದು ಜಗಳವಾಡುವವರೇ ಹೆಚ್ಚು. ಯಾವುದೂ ಸುಳ್ಳಾಗಿರಬೇಕಿಲ್ಲ. ಒಂದೊಂದೂ ಒಂದೊಂದು ಪ್ರಶ್ನೆಗೆ ಸಿಕ್ಕ ಉತ್ತರ. ತಲೆಬರಹಕ್ಕೆ ಬರುವಷ್ಟರಲ್ಲಿ ಪ್ರಶ್ನೆ ಉದುರಿಹೋಗಿ ಉತ್ತರ ಮಾತ್ರ ಉಳಿದಿರುತ್ತದೆ. ಆ ಪ್ರಶ್ನೆಯನ್ನು ಹುಡುಕಿ ತೆಗೆಯುವುದು ಹೇಗೆಂದು ಇಲ್ಲಿ ನೋಡೋಣ. ಕಾಗದ, ಪೆನ್ನು, ಮೊಬೈಲಿನ ಕ್ಯಾಲ್ಕುಲೇಟರ್ ಸಾಕು. ಕೊನೆಯ ಭಾಗಕ್ಕೆ ಎಕ್ಸೆಲ್ ಅಥವಾ ಗೂಗಲ್ ಶೀಟ್ ಇದ್ದರೆ ಕೈ ಬೇಗ ಓಡುತ್ತದೆ.

ಒಂದೇ ಊರು, ಐದು ದರ

ಅಭ್ಯಾಸಕ್ಕೆ ಒಂದು ಕಾಲ್ಪನಿಕ ಊರು ಇಟ್ಟುಕೊಳ್ಳಿ. ಅಲ್ಲಿ 15 ವರ್ಷ ತುಂಬಿದವರು 200 ಜನ. ಕಳೆದ ಏಳು ದಿನದಲ್ಲಿ ಅವರು ಏನೇನು ಮಾಡಿದರು ಎಂದು ಕಾಗದದ ಮೇಲೆ ಬರೆಯಿರಿ.

ಹೊಲ, ಅಂಗಡಿ, ಸಂಬಳದ ಕೆಲಸ ಅಂತ ಹೆಚ್ಚುಕಡಿಮೆ ದಿನಾ ದುಡಿದವರು: 70
ಇಡೀ ವಾರದಲ್ಲಿ ಒಂದೇ ದಿನ ಕೂಲಿ ಸಿಕ್ಕವರು: 10
ಮನೆಯ ಹಸು ನೋಡಿಕೊಂಡು ಡೇರಿಗೆ ಹಾಲು ಹಾಕುವ ಹೆಂಗಸರು, ದಿನಕ್ಕೆ ಮೂರು ಗಂಟೆ ಕೆಲಸ, ಕೈಗೆ ಕೂಲಿ ಇಲ್ಲ: 20
ಕೆಲಸ ಇಲ್ಲ, ಹುಡುಕುತ್ತಿದ್ದೇವೆ ಎಂದವರು: 8
ಪಿಎಸ್‌ಐ, ಎಫ್‌ಡಿಎ ಪರೀಕ್ಷೆಗೆ ಮನೆಯಲ್ಲೇ ಓದುತ್ತಿರುವವರು: 10
ಕಾಲೇಜಿನವರು, ಮನೆವಾರ್ತೆ ಮಾತ್ರ ನೋಡಿಕೊಳ್ಳುವವರು, ವಯಸ್ಸಾದವರು: 82

ಸೂತ್ರ ಸರಳ. ನಿರುದ್ಯೋಗಿಗಳ ಸಂಖ್ಯೆಯನ್ನು, ದುಡಿಯುವವರು ಮತ್ತು ನಿರುದ್ಯೋಗಿಗಳು ಇಬ್ಬರನ್ನೂ ಕೂಡಿದ ಮೊತ್ತದಿಂದ ಭಾಗಿಸಿ 100ರಿಂದ ಗುಣಿಸಬೇಕು. ಈ ಕೂಡಿದ ಮೊತ್ತಕ್ಕೆ ಕಾರ್ಮಿಕ ಬಲ ಎಂದು ಹೆಸರು. ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಈ ಛೇದದಲ್ಲೇ: ಕೆಳಗೆ ಬರುವುದು ಊರಿನ 200 ಜನ ಅಲ್ಲ. ಕೆಲಸವೂ ಇಲ್ಲದ, ಕೆಲಸ ಬೇಕೆಂದೂ ಹೇಳದ 82 ಜನ ಮೇಲೂ ಇಲ್ಲ, ಕೆಳಗೂ ಇಲ್ಲ.

ಈಗ ಸರ್ಕಾರದ ಸಮೀಕ್ಷೆ, ಅಂದರೆ ಪಿಎಲ್‌ಎಫ್‌ಎಸ್, ಬಳಸುವ 'ಪ್ರಸ್ತುತ ವಾರದ ಸ್ಥಿತಿ'ಯ ಲೆಕ್ಕ ಹಾಕಿ. ಈ ನಿಯಮದಲ್ಲಿ ವಾರದ ಯಾವುದಾದರೂ ಒಂದು ದಿನ ಒಂದೇ ಒಂದು ಗಂಟೆ ದುಡಿದಿದ್ದರೂ ಆತ ಉದ್ಯೋಗಿ. ಸಂಬಳವಿಲ್ಲದೆ ಮನೆಯ ಹೊಲದಲ್ಲೋ ಹಸುವಿನ ಹಿಂದೆಯೋ ದುಡಿದರೂ ಉದ್ಯೋಗಿಯೇ; ಅಡುಗೆ, ಮುಸುರೆ, ಮಕ್ಕಳ ಪಾಲನೆ ಮಾತ್ರ ಲೆಕ್ಕಕ್ಕಿಲ್ಲ. ಹಾಗಾಗಿ ದುಡಿಯುವವರು 70+10+20, ಅಂದರೆ 100. ನಿರುದ್ಯೋಗಿಗಳು 8; ಪರೀಕ್ಷೆಗೆ ಓದುವ ಹತ್ತು ಜನರನ್ನು ಸದ್ಯಕ್ಕೆ ಹೊರಗಿಡಿ. ಎಂಟನ್ನು 108ರಿಂದ ಭಾಗಿಸಿದರೆ ಶೇ 7.4.

ಅದೇ ಸಮೀಕ್ಷೆಯ ಇನ್ನೊಂದು ಅಳತೆ 'ಸಾಮಾನ್ಯ ಸ್ಥಿತಿ'. ಇದು ಹಿಂದಿನ 365 ದಿನಗಳನ್ನು ನೋಡುತ್ತದೆ. ವರ್ಷದ ಬಹುಪಾಲು ಕೆಲಸ ಹುಡುಕುತ್ತಲೇ ಕಳೆದಿದ್ದರೂ, ನಡುವೆ 30 ದಿನ ಯಾವುದಾದರೂ ಕೆಲಸ ಮಾಡಿದ್ದರೆ ಆತ ಉದ್ಯೋಗಿಗಳ ಪಟ್ಟಿಗೆ ಸೇರುತ್ತಾನೆ. ನಮ್ಮ ಎಂಟು ಜನರಲ್ಲಿ ನಾಲ್ವರು ಸುಗ್ಗಿಯಲ್ಲೋ ನರೇಗಾದಲ್ಲೋ 30 ದಿನ ದುಡಿದಿದ್ದಾರೆ ಎನ್ನಿ. ಉಳಿದ ನಾಲ್ಕನ್ನು 108ರಿಂದ ಭಾಗಿಸಿ: ಶೇ 3.7. ಊರು ಅದೇ, ಜನ ಅವರೇ, ದರ ಅರ್ಧ.

ಹಾಲು ಹಾಕುವ 20 ಹೆಂಗಸರನ್ನು 'ಮನೆಯಲ್ಲೇ ಇರುತ್ತಾರೆ' ಎಂದು ಬರೆದುಕೊಂಡರೆ 8ನ್ನು 88ರಿಂದ ಭಾಗಿಸಬೇಕು, ಶೇ 9.1. ಪರೀಕ್ಷೆಗೆ ಓದುವ ಹತ್ತು ಜನ 'ಈಗ ಕೆಲಸ ಸಿಕ್ಕರೆ ಹೋಗುತ್ತೀರಾ?' ಎಂಬ ಪ್ರಶ್ನೆಗೆ 'ಹೋಗುತ್ತೇವೆ' ಎಂದುಬಿಟ್ಟರೆ 18ನ್ನು 118ರಿಂದ ಭಾಗಿಸಬೇಕು, ಶೇ 15.3. ಭಾರತದ ಸಮೀಕ್ಷೆ 'ಹುಡುಕುತ್ತಿದ್ದಾರೆಯೇ ಅಥವಾ ಲಭ್ಯರಿದ್ದಾರೆಯೇ' ಎಂದು ಕೇಳುತ್ತದೆ. ಅಮೆರಿಕದಲ್ಲಾದರೆ ಕಳೆದ ನಾಲ್ಕು ವಾರದಲ್ಲಿ ನಿಜವಾಗಿ ಹುಡುಕಿರಬೇಕು. ಬಾಗಿಲಲ್ಲಿ ನಿಂತ ಸಮೀಕ್ಷಕರಿಗೆ ಸಾಮಾನ್ಯವಾಗಿ ಉತ್ತರ ಕೊಡುವುದು ಹುಡುಗನಲ್ಲ, ಮನೆಯ ಹಿರಿಯರು ಎಂಬುದನ್ನೂ ನೆನಪಿಡಿ. 'ಓದ್ತಾ ಇದಾನೆ' ಎಂದು ಅಪ್ಪ ಹೇಳಿದರೆ ಮಗ ಕಾರ್ಮಿಕ ಬಲದಿಂದಲೇ ಹೊರಗೆ.

ಐದನೆಯದು, ವಾರಕ್ಕೆ 20 ಗಂಟೆಯಾದರೂ ದುಡಿದಿದ್ದರೆ ಮಾತ್ರ ಉದ್ಯೋಗಿ ಎಂಬ ನಿಯಮ. ಒಂದು ದಿನದ ಕೂಲಿಯ ಹತ್ತು ಜನ ಆಗ ನಿರುದ್ಯೋಗಿಗಳಾಗುತ್ತಾರೆ. ಹಸು ನೋಡುವ ಹೆಂಗಸರು ದಿನಕ್ಕೆ ಮೂರರಂತೆ 21 ಗಂಟೆ ದುಡಿಯುವುದರಿಂದ ಒಳಗೇ ಉಳಿಯುತ್ತಾರೆ. 18ನ್ನು 108ರಿಂದ ಭಾಗಿಸಿದರೆ ಶೇ 16.7. ಇದು ಸುಮ್ಮನೆ ಕಟ್ಟಿದ ನಿಯಮವಲ್ಲ. ನೈಜೀರಿಯ ಹೀಗೆಯೇ ಎಣಿಸುತ್ತಿತ್ತು, 2020ರ ಕೊನೆಯ ತ್ರೈಮಾಸಿಕದಲ್ಲಿ ಶೇ 33.3 ಬಂದಿತ್ತು. 2023ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 'ಒಂದು ಗಂಟೆ' ನಿಯಮಕ್ಕೆ ಬದಲಾಯಿತು, ಆ ವರ್ಷದ ಮೊದಲ ತ್ರೈಮಾಸಿಕದ ದರ ಶೇ 4.1 ಎಂದು ಪ್ರಕಟಿಸಿತು. ಲಾಗೋಸಿನ ಬೀದಿಯಲ್ಲಿ ಯಾರಿಗೂ ಹೊಸದಾಗಿ ಕೆಲಸ ಸಿಗಬೇಕಾಗಿರಲಿಲ್ಲ.

ದರ ಇಳಿಯಿತು ಎಂದರೆ

ದರ ಇಳಿದ ಸುದ್ದಿ ಕಂಡ ಕೂಡಲೇ ನೋಡಬೇಕಾದದ್ದು ಇನ್ನೊಂದು ಅಂಕಿ: 15 ವರ್ಷ ಮೀರಿದವರಲ್ಲಿ ಎಷ್ಟು ಪಾಲು ಜನ ಕಾರ್ಮಿಕ ಬಲದಲ್ಲಿದ್ದಾರೆ ಎಂಬುದು. ಎಲ್‌ಎಫ್‌ಪಿಆರ್ ಎಂದು ವರದಿಯಲ್ಲಿ ಹುಡುಕಿ. ಎರಡನ್ನೂ ಜೋಡಿಯಾಗಿ ಓದಬೇಕು. ನಿರುದ್ಯೋಗವೂ ಇಳಿದು ಇದೂ ಇಳಿದಿದ್ದರೆ ಜನ ಹುಡುಕಿ ಸುಸ್ತಾಗಿ ಕೈಬಿಟ್ಟಿದ್ದಾರೆ ಎಂಬ ಅನುಮಾನ ಬರಬೇಕು. ನಿರುದ್ಯೋಗ ಇಳಿದು ಇದು ಏರಿದ್ದರೆ ಮೂರನೆಯ ಕೋಷ್ಟಕ ತೆರೆಯಿರಿ: ಹೊಸಬರು ಯಾವ ಕೆಲಸಕ್ಕೆ ಸೇರಿದರು?

ಭಾರತದಲ್ಲಿ ಆಗಿರುವುದು ಈ ಎರಡನೆಯದು. 2017–18ರಲ್ಲಿ ನಿರುದ್ಯೋಗ ಶೇ 6.1 ಇತ್ತು, 2023–24ಕ್ಕೆ 3.2ಕ್ಕೆ ಬಂತು. ಅದೇ ಅವಧಿಯಲ್ಲಿ ಮಹಿಳೆಯರ ಕಾರ್ಮಿಕ ಬಲದ ಪಾಲು ಶೇ 23.3ರಿಂದ 41.7ಕ್ಕೆ ಜಿಗಿಯಿತು. ಇಷ್ಟು ದೊಡ್ಡ ಜಿಗಿತ ಕಂಡಾಗ ಚಪ್ಪಾಳೆಗೂ ಮೊದಲು ಮೂರನೆಯ ಕೋಷ್ಟಕ. ದುಡಿಯುವ ಮಹಿಳೆಯರಲ್ಲಿ ಸ್ವಯಂ ಉದ್ಯೋಗದವರ ಪಾಲು ಶೇ 51.9 ಇದ್ದದ್ದು 67.4 ಆಗಿದೆ. 'ಸ್ವಯಂ ಉದ್ಯೋಗ' ಎಂದರೆ ಬ್ಯೂಟಿ ಪಾರ್ಲರ್, ಟೈಲರಿಂಗ್ ಅಂಗಡಿ ಮಾತ್ರವಲ್ಲ; ನಮ್ಮ ಊರಿನ ಹಸು ನೋಡುವ 20 ಹೆಂಗಸರೂ ಇದರೊಳಗೇ ಬರುತ್ತಾರೆ, 'ಮನೆಯ ಉದ್ಯಮದಲ್ಲಿ ಸಂಬಳವಿಲ್ಲದ ಸಹಾಯಕರು' ಎಂಬ ಉಪಶೀರ್ಷಿಕೆಯ ಕೆಳಗೆ. ಅವರು ಮೊದಲೂ ದುಡಿಯುತ್ತಿದ್ದರೇ, ಈಗ ಎಣಿಕೆಗೆ ಸಿಕ್ಕರೇ, ಅಥವಾ ಮನೆಯ ಆದಾಯ ಸಾಲದೆ ಹೊಸದಾಗಿ ಹೊಲಕ್ಕಿಳಿದರೇ ಎಂಬುದರ ಬಗ್ಗೆ ಅರ್ಥಶಾಸ್ತ್ರಜ್ಞರ ನಡುವೆ ವಾದ ಮುಗಿದಿಲ್ಲ. ವಾದ ಏನೇ ಇರಲಿ, ಉಪಶೀರ್ಷಿಕೆ ನೋಡದೆ 'ಮಹಿಳಾ ಉದ್ಯೋಗದಲ್ಲಿ ಕ್ರಾಂತಿ' ಎಂದು ಬರೆಯುವುದು ಸೋಮಾರಿತನ.

ಇನ್ನೊಂದು ಗುಂಡಿ ಇದೆ. 2025ರ ಏಪ್ರಿಲ್‌ನಿಂದ ಪಿಎಲ್‌ಎಫ್‌ಎಸ್ ಪ್ರತಿ ತಿಂಗಳೂ ಅಂಕಿ ಕೊಡುತ್ತಿದೆ. ಮೊದಲ ತಿಂಗಳ ದರ ಶೇ 5.1. 'ಶೇ 3.2 ಇದ್ದ ನಿರುದ್ಯೋಗ 5.1ಕ್ಕೆ ಏರಿಕೆ' ಎಂಬ ಪೋಸ್ಟರ್ ನಿಮಗೂ ಬಂದಿರಬಹುದು. ಮಾಸಿಕ ಅಂಕಿ ವಾರದ ಸ್ಥಿತಿಯದು, 3.2 ವರ್ಷದ ಸಾಮಾನ್ಯ ಸ್ಥಿತಿಯದು. ವಾರದ ಲೆಕ್ಕದಲ್ಲಿ 2023–24ರದ್ದೂ ಶೇ 4.9 ಇತ್ತು. ಹೋಲಿಸುವುದಿದ್ದರೆ 4.9ರ ಜೊತೆ ಹೋಲಿಸಬೇಕು. ಆಗಲೂ ಎಚ್ಚರ ಬೇಕು, 2025ರಲ್ಲಿ ಮನೆಗಳನ್ನು ಆರಿಸುವ ವಿಧಾನವೂ ಬದಲಾಗಿದೆ. ತಿಂಗಳಿಂದ ತಿಂಗಳಿಗೆ ಹೋಲಿಸಿದರೆ ಬಿತ್ತನೆ, ಕೊಯ್ಲಿನ ಏರಿಳಿತವೇ ಕಾಣುವುದರಿಂದ ಜೂನ್ ಅನ್ನು ಹಿಂದಿನ ವರ್ಷದ ಜೂನ್ ಜೊತೆಗೇ ಇಡಿ.

ಉದ್ಯೋಗ ವಿನಿಮಯ ಕೇಂದ್ರದ ನೋಂದಣಿ, ಯುವ ನಿಧಿ ಫಲಾನುಭವಿಗಳ ಸಂಖ್ಯೆ ಇವೆಲ್ಲ ನಿರುದ್ಯೋಗದ ಅಳತೆಯೇ ಅಲ್ಲ. ಯುವ ನಿಧಿಗೆ ಪದವಿ ಅಥವಾ ಡಿಪ್ಲೊಮಾ ಇರಬೇಕು, ಪಾಸಾಗಿ 180 ದಿನ ಕಳೆದಿರಬೇಕು, ಮುಂದಕ್ಕೆ ಓದುತ್ತಿರಬಾರದು. ಅದು ಯೋಜನೆಗೆ ಅರ್ಹರಾದವರ ಪಟ್ಟಿ, ಅಷ್ಟೆ.

ಬೇರೆ ದೇಶಗಳನ್ನು ಪಕ್ಕದಲ್ಲಿಡುವಾಗ

ವಿಶ್ವ ಬ್ಯಾಂಕಿನ ಜಾಲತಾಣದಲ್ಲಿ ಒಂದೇ ದೇಶಕ್ಕೆ ಎರಡು ಸಾಲು ಸಿಗುತ್ತವೆ: ದೇಶ ತಾನೇ ಕೊಟ್ಟ ಅಂದಾಜು ಒಂದು, ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಎಲ್ಲ ದೇಶಗಳನ್ನೂ ಒಂದೇ ವ್ಯಾಖ್ಯೆಗೆ ಹೊಂದಿಸಿ ಮಾಡಿದ ಮಾದರಿ ಅಂದಾಜು ಇನ್ನೊಂದು. ದೇಶಗಳ ಹೋಲಿಕೆಗೆ ಎರಡನೆಯದು, ಒಂದೇ ದೇಶದ ಒಳಗಿನ ಏರಿಳಿತಕ್ಕೆ ಮೊದಲನೆಯದು. ಎರಡನ್ನೂ ಒಂದೇ ನಕ್ಷೆಯಲ್ಲಿ ಬೆರೆಸಿದರೆ ಇಡೀ ಕೆಲಸ ಕೆಟ್ಟಿತು.

ಕಡಿಮೆ ದರ ಎಂದರೆ ಸುಖ ಎಂದು ಓದಬೇಡಿ. ಕಡುಬಡ ನೈಜರ್‌ನಲ್ಲೂ ಅತಿ ಶ್ರೀಮಂತ ಕತಾರ್‌ನಲ್ಲೂ ದರ ತೀರಾ ಕಡಿಮೆ. ನೈಜರ್‌ನಲ್ಲಿ ಭತ್ಯೆ ಇಲ್ಲದೆ ಖಾಲಿ ಕೂರಲು ಯಾರಿಗೂ ಸಾಧ್ಯವಿಲ್ಲ, ಸಿಕ್ಕ ಕೆಲಸ ಮಾಡಲೇಬೇಕು. ಕತಾರ್‌ನ ದುಡಿಯುವವರಲ್ಲಿ ಬಹುಪಾಲು ಹೊರಗಿನವರು. ಕೆಲಸ ಹೋದರೆ ವೀಸಾವೂ ಹೋಗುತ್ತದೆ, ಮಂಗಳೂರಿನ ವಿಮಾನ ಹತ್ತಿದವನು ಕತಾರ್‌ನ ಛೇದದಲ್ಲಿ ಇರುವುದಿಲ್ಲ. ದಕ್ಷಿಣ ಆಫ್ರಿಕದಲ್ಲಿ 2024ರಲ್ಲಿ ಅಧಿಕೃತ ದರ ಸುಮಾರು ಶೇ 32–33 ಇತ್ತು. ಹುಡುಕುವುದನ್ನೇ ಬಿಟ್ಟವರನ್ನೂ ಸೇರಿಸಿದ 'ವಿಸ್ತೃತ' ದರ ಶೇ 40 ಮೀರುತ್ತದೆ. ಅಲ್ಲಿನ ಅಂಕಿಅಂಶ ಇಲಾಖೆ ಎರಡನ್ನೂ ಒಂದೇ ವರದಿಯಲ್ಲಿ ಕೊಡುತ್ತದೆ. ಎಲ್ಲರೂ ಹಾಗೆ ಮಾಡಬಾರದೇಕೆ ಅನ್ನಿಸುತ್ತದೆ.

ಚೀನಾದ್ದು ಬೇರೆ ಕಥೆ. 16–24 ವಯಸ್ಸಿನವರ ನಗರ ನಿರುದ್ಯೋಗ 2023ರ ಜೂನ್‌ನಲ್ಲಿ ಶೇ 21.3 ಮುಟ್ಟಿತು. ಆಗಸ್ಟ್‌ನಲ್ಲಿ ಪ್ರಕಟಣೆಯೇ ನಿಂತಿತು. 2024ರ ಜನವರಿಯಲ್ಲಿ ವಿದ್ಯಾರ್ಥಿಗಳನ್ನು ಹೊರಗಿಟ್ಟ ಹೊಸ ಸರಣಿ ಶುರುವಾಗಿ ಡಿಸೆಂಬರ್‌ನ ದರ ಶೇ 14.9 ಎಂದಿತು. ವಿದ್ಯಾರ್ಥಿಗಳನ್ನು ಬಿಡುವುದಕ್ಕೆ ಸಮರ್ಥನೆ ಇಲ್ಲವೆಂದಲ್ಲ; ಆದರೆ 21.3ರಿಂದ 14.9ಕ್ಕೆ ಗೆರೆ ಎಳೆದು 'ಇಳಿಕೆ' ಎನ್ನುವಂತಿಲ್ಲ. ಸರಣಿ ಮುರಿದ ಕಡೆ ನಕ್ಷೆಯಲ್ಲಿ ಲಂಬವಾಗಿ ಒಂದು ಚುಕ್ಕಿಗೆರೆ ಹಾಕುವುದು ಅಭ್ಯಾಸವಾಗಲಿ.

ಪ್ರಾಮಾಣಿಕ ಎಣಿಕೆಯೂ ತಪ್ಪುತ್ತದೆ. ಅಮೆರಿಕದಲ್ಲಿ 2020ರ ಏಪ್ರಿಲ್ ದರ ಶೇ 14.7 ಎಂದು ಘೋಷಿಸಿದಾಗ, ಕೋವಿಡ್‌ನಿಂದ ಮನೆಗೆ ಕಳುಹಿಸಲಾಗಿದ್ದ ಎಷ್ಟೋ ಜನರನ್ನು ಸಮೀಕ್ಷಕರು 'ಉದ್ಯೋಗವಿದೆ, ಬೇರೆ ಕಾರಣಕ್ಕೆ ಗೈರು' ಎಂದು ಗುರುತಿಸಿಬಿಟ್ಟಿದ್ದರು. ಸರಿಯಾಗಿ ಗುರುತಿಸಿದ್ದರೆ ದರ ಇನ್ನೂ ಸುಮಾರು 5 ಶೇಕಡಾ ಅಂಶ ಹೆಚ್ಚಾಗುತ್ತಿತ್ತು ಎಂದು ಇಲಾಖೆಯೇ ಟಿಪ್ಪಣಿ ಹಾಕಿತು. ವರದಿಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿರುವ ಟಿಪ್ಪಣಿಯನ್ನು ಮೊದಲು ಓದುವುದು ಅದಕ್ಕೇ.

ಸಣ್ಣ ಅಂಕಿಗಳ ಆಟದ ಬಗ್ಗೆ ಎರಡು ಮಾತು. ದರ 4ರಿಂದ 5ಕ್ಕೆ ಹೋದರೆ ಅದು ಒಂದು ಶೇಕಡಾ ಅಂಶದ ಏರಿಕೆ. ಅದನ್ನೇ 'ನಿರುದ್ಯೋಗ ಶೇ 25 ಹೆಚ್ಚಳ' ಎಂದೂ ಬರೆಯಬಹುದು, ಸುಳ್ಳಲ್ಲ, ಆದರೆ ಉದ್ದೇಶ ಬೇರೆ. ಇನ್ನು ಮಾದರಿಯ ಗಾತ್ರ. ಪಿಎಲ್‌ಎಫ್‌ಎಸ್ 2023–24ರಲ್ಲಿ ಸುಮಾರು 1 ಲಕ್ಷ ಮನೆಗಳಿಗೆ ಹೋಗಿತ್ತು, ದೇಶದ ಮಟ್ಟಿಗೆ ಅದು ಗಟ್ಟಿ. ಅದನ್ನೇ ಒಂದು ರಾಜ್ಯ, ಅದರಲ್ಲಿ ನಗರ, ಅದರಲ್ಲಿ ಯುವತಿಯರು ಎಂದು ಸೀಳುತ್ತಾ ಹೋದರೆ ಕೈಯಲ್ಲಿ ಕೆಲವು ನೂರು ಜನ ಉಳಿಯುತ್ತಾರೆ. ಹೀಗೆ ನೋಡಿ: 400 ಜನರಲ್ಲಿ ಶೇ 10 ನಿರುದ್ಯೋಗ ಸಿಕ್ಕಿದ್ದರೆ, 0.1ನ್ನು 0.9ರಿಂದ ಗುಣಿಸಿ 400ರಿಂದ ಭಾಗಿಸಿ ವರ್ಗಮೂಲ ತೆಗೆಯಿರಿ. 0.015 ಬರುತ್ತದೆ. ಅದರ ಎರಡು ಪಟ್ಟು ಆಚೀಚೆ, ಅಂದರೆ ನಿಜವಾದ ದರ 7 ಇರಬಹುದು, 13ರವರೆಗೂ ಇರಬಹುದು. ಹತ್ತರಿಂದ ಹನ್ನೆರಡಕ್ಕೆ 'ಏರಿಕೆ' ಎಂಬ ಸುದ್ದಿಗೆ ಇಲ್ಲಿ ಕಿಮ್ಮತ್ತಿಲ್ಲ.

ಯಂತ್ರ ಎಷ್ಟು ಕೆಲಸ ತಿನ್ನುತ್ತದೆ ಎಂಬ ಭವಿಷ್ಯ

ಈ ವಿಭಾಗದ ಅಂಕಿಗಳು ಎಣಿಕೆಯಲ್ಲ, ಊಹೆ. ಆದ್ದರಿಂದ ಓದುವ ಕ್ರಮವೂ ಬೇರೆ.

2013ರಲ್ಲಿ ಆಕ್ಸ್‌ಫರ್ಡ್‌ನ ಫ್ರೇ ಮತ್ತು ಆಸ್ಬರ್ನ್ ಅಮೆರಿಕದ ಶೇ 47 ಉದ್ಯೋಗಗಳು ಗಣಕೀಕರಣದ ಹೆಚ್ಚಿನ ಅಪಾಯದಲ್ಲಿವೆ ಎಂದರು. ಜಗತ್ತಿನೆಲ್ಲೆಡೆ ಅದು 'ಅರ್ಧ ಉದ್ಯೋಗ ಮಾಯ' ಎಂದಾಯಿತು. ಅವರು ಮಾಡಿದ್ದೇನು? 702 ವೃತ್ತಿಗಳ ಪಟ್ಟಿಯಲ್ಲಿ 70ನ್ನು ತಜ್ಞರ ಮುಂದಿಟ್ಟು 'ಇದನ್ನು ಪೂರ್ತಿ ಯಂತ್ರಕ್ಕೆ ಒಪ್ಪಿಸಬಹುದೇ' ಎಂದು ಕೇಳಿದರು. ಆ ಉತ್ತರಗಳಿಂದ ಒಂದು ಮಾದರಿ ಕಟ್ಟಿ ಉಳಿದವಕ್ಕೂ ಸಂಭಾವ್ಯತೆ ಲೆಕ್ಕ ಹಾಕಿದರು. 0.7 ದಾಟಿದ ವೃತ್ತಿಗಳೆಲ್ಲ 'ಹೆಚ್ಚಿನ ಅಪಾಯ'. ಯಾವಾಗ, ಎಷ್ಟು ಖರ್ಚಿನಲ್ಲಿ, ಹೊಸ ಕೆಲಸ ಎಷ್ಟು ಹುಟ್ಟುತ್ತದೆ ಎಂಬುದು ಆ 47ರಲ್ಲಿ ಇಲ್ಲ. ಮೂರು ವರ್ಷದ ನಂತರ ಹೆಚ್ಚಾಗಿ ಶ್ರೀಮಂತ ದೇಶಗಳ ಕೂಟವಾದ ಒಇಸಿಡಿಗಾಗಿ ಬೇರೆ ಸಂಶೋಧಕರು ಇಡೀ ವೃತ್ತಿಯ ಬದಲು ಒಬ್ಬೊಬ್ಬ ನೌಕರ ದಿನಾ ಮಾಡುವ ಬಿಡಿ ಕೆಲಸಗಳನ್ನು ತೆಗೆದುಕೊಂಡಾಗ ಅದೇ ಅಮೆರಿಕಕ್ಕೆ ಬಂದ ಉತ್ತರ ಶೇ 9. ಒಬ್ಬ ಗುಮಾಸ್ತ ಬರೀ ಟೈಪ್ ಮಾಡುವುದಿಲ್ಲ. ಫೋನ್ ಎತ್ತುತ್ತಾನೆ, ಬಂದವರನ್ನು ಸಮಾಧಾನ ಮಾಡುತ್ತಾನೆ, ಕಳೆದ ಫೈಲ್ ಹುಡುಕುತ್ತಾನೆ.

ಹಾಗಾಗಿ ಇಂಥ ಅಂಕಿ ಕಂಡರೆ ಕ್ರಿಯಾಪದವನ್ನು ಹುಡುಕಿ. 'ಹೋಗುತ್ತದೆ' ಎಂದಿದೆಯೇ, 'ಮಾಡಲು ಸಾಧ್ಯ' ಎಂದಿದೆಯೇ, 'ಪ್ರಭಾವಕ್ಕೆ ಒಳಗಾಗುತ್ತದೆ' ಎಂದಿದೆಯೇ? ಕೃತಕ ಬುದ್ಧಿಮತ್ತೆ (ಎಐ) ಜಗತ್ತಿನ ಎಷ್ಟು ಉದ್ಯೋಗಗಳನ್ನು ಮುಟ್ಟುತ್ತದೆ ಎಂಬುದಕ್ಕೆ ಅಂತರರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) 2024ರ ಜನವರಿಯಲ್ಲಿ ಹೇಳಿದ ಶೇ 40 ಈ ಕೊನೆಯ ಜಾತಿಯದು. ಶ್ರೀಮಂತ ದೇಶಗಳಿಗೆ ಶೇ 60, ಬಡ ದೇಶಗಳಿಗೆ ಶೇ 26. ಪ್ರಭಾವ ಎಂದರೆ ಕೆಲಸ ಸುಲಭವಾಗುವುದೂ ಸೇರಿದೆ. ವಿಶ್ವ ಬ್ಯಾಂಕ್ 2016ರಲ್ಲಿ ಭಾರತಕ್ಕೆ ಶೇ 69 ಎಂದದ್ದು ತಾಂತ್ರಿಕ ಸಾಧ್ಯತೆ ಮಾತ್ರ. ತಂತ್ರಜ್ಞಾನ ನಿಧಾನ ಬರುತ್ತದೆ ಎಂದು ಹೊಂದಿಸಿದ ಕಡಿಮೆ ಅಂಕಿಯೂ ಅದೇ ನಕ್ಷೆಯಲ್ಲಿತ್ತು. ಸುದ್ದಿಗೆ ಹೋದದ್ದು ಒಂದೇ.

ಸಾಧ್ಯವಾದದ್ದೆಲ್ಲ ಆಗುವುದಿಲ್ಲ ಏಕೆ ಎಂಬುದಕ್ಕೆ ಕಾರ್ಖಾನೆಯ ಲೆಕ್ಕ ಹಾಕಿ ನೋಡಿ. ಅಂಕಿಗಳು ಊಹೆಯವು, ಕ್ರಮ ನಿಜವಾದದ್ದು. ಯಂತ್ರದ ಬೆಲೆ 24 ಲಕ್ಷ, ಬಾಳಿಕೆ 8 ವರ್ಷ: ವರ್ಷಕ್ಕೆ ಸವಕಳಿ 3 ಲಕ್ಷ. ಸರಾಸರಿ 12 ಲಕ್ಷ ಬಾಕಿಯ ಮೇಲೆ ಶೇ 10 ಬಡ್ಡಿ: 1.2 ಲಕ್ಷ. ಕರೆಂಟು, ಬಿಡಿಭಾಗ, ಮೆಕ್ಯಾನಿಕ್: 1.8 ಲಕ್ಷ. ಒಟ್ಟು 6 ಲಕ್ಷ. ಅದು ಒಂದು ಪಾಳಿಯಲ್ಲಿ ಮೂವರ ಕೆಲಸ ಮಾಡುತ್ತದೆ. ಪಿಎಫ್, ಇಎಸ್‌ಐ, ಬೋನಸ್ ಎಲ್ಲ ಸೇರಿ ಒಬ್ಬರಿಗೆ ತಿಂಗಳಿಗೆ 15,000 ರೂ. ಎಂದರೆ ಮೂವರಿಗೆ ವರ್ಷಕ್ಕೆ 5.4 ಲಕ್ಷ. ಮಾಲೀಕ ಯಂತ್ರ ಕೊಳ್ಳುವುದಿಲ್ಲ. ಎರಡು ಪಾಳಿ ಓಡಿಸುವಷ್ಟು ಆರ್ಡರ್ ಇದ್ದರೆ ಓಡಿಸುವ ಖರ್ಚು 3 ಲಕ್ಷಕ್ಕೇರಿ ಯಂತ್ರಕ್ಕೆ 7.2 ಲಕ್ಷ, ಆರು ಜನರಿಗೆ 10.8 ಲಕ್ಷ. ಈಗ ಕೊಳ್ಳುತ್ತಾನೆ. ಕೂಲಿ ಹತ್ತು ಪಟ್ಟು ಇರುವ ದೇಶದಲ್ಲಿ ಒಂದೇ ಪಾಳಿಯ ಕೂಲಿಯೇ 54 ಲಕ್ಷ, ಯಂತ್ರಕ್ಕೆ 6 ಲಕ್ಷ; ಯೋಚಿಸುವುದೇ ಇಲ್ಲ. ಬಡ್ಡಿದರ, ಪಾಳಿ, ಕೂಲಿ: ಈ ಮೂರರಲ್ಲಿ ಒಂದು ಬದಲಾದರೂ ತೀರ್ಮಾನ ತಿರುಗಬಹುದು. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಕಟಿಂಗ್‌ಗೆ ಯಂತ್ರ ಬಂದರೂ ಹೊಲಿಗೆಗೆ ಇನ್ನೂ ಸಾಲುಸಾಲು ಹೆಣ್ಣುಮಕ್ಕಳೇ ಕೂರುವುದಕ್ಕೆ ಈ ಲೆಕ್ಕದ ಜೊತೆಗೆ ಬಟ್ಟೆಯ ಗುಣವೂ ಕಾರಣ. ಮೆತ್ತಗೆ ಜೋಲುವ, ಮಡಚಿಕೊಳ್ಳುವ ವಸ್ತುವನ್ನು ರೋಬೋಟ್ ಕೈ ನೇರವಾಗಿ ಹಿಡಿಯಲು ಒದ್ದಾಡುತ್ತದೆ.

ರೋಬೋಟ್ ಹೆಚ್ಚಿದ್ದಲ್ಲಿ ನಿರುದ್ಯೋಗ ಹೆಚ್ಚು ಎಂಬ ನೇರ ಗೆರೆಯೂ ಸಿಗುವುದಿಲ್ಲ. ದಕ್ಷಿಣ ಕೊರಿಯದ ಕಾರ್ಖಾನೆಗಳಲ್ಲಿ 10,000 ನೌಕರರಿಗೆ ಸಾವಿರಕ್ಕೂ ಮೀರಿ ರೋಬೋಟ್‌ಗಳಿವೆ, 2023ರಲ್ಲಿ ಅಲ್ಲಿನ ನಿರುದ್ಯೋಗ ಶೇ 3ರೊಳಗಿತ್ತು. ಹಾಗೆಂದು ನಿರಾಳವಾಗುವಂತೆಯೂ ಇಲ್ಲ. ಅರ್ಥಶಾಸ್ತ್ರಜ್ಞರಾದ ಅಸೆಮೊಗ್ಲು ಮತ್ತು ರೆಸ್ಟ್ರೆಪೊ ಅಮೆರಿಕವನ್ನು ಪ್ರದೇಶ ಪ್ರದೇಶವಾಗಿ ಬಿಡಿಸಿ ನೋಡಿದಾಗ, ಸಾವಿರ ನೌಕರರಿಗೆ ಒಂದು ರೋಬೋಟ್ ಹೆಚ್ಚಿದರೆ ಉದ್ಯೋಗದಲ್ಲಿರುವವರ ಪಾಲು 0.2 ಶೇಕಡಾ ಅಂಶ, ಕೂಲಿ ಶೇ 0.42 ಕುಸಿಯುವುದು ಕಂಡಿತು. ದೇಶದ ಸರಾಸರಿಯಲ್ಲಿ ಕಾಣದ ಗಾಯ ಊರಿನ ಮಟ್ಟದಲ್ಲಿ ಕಾಣುತ್ತದೆ.

ನಿವ್ವಳ ಅಂಕಿಯೂ ಹೀಗೇ ಮರೆಮಾಚುತ್ತದೆ. ವಿಶ್ವ ಆರ್ಥಿಕ ವೇದಿಕೆಯ 2025ರ ವರದಿ 2030ರೊಳಗೆ 17 ಕೋಟಿ ಹೊಸ ಉದ್ಯೋಗ, 9.2 ಕೋಟಿ ನಷ್ಟ, ನಿವ್ವಳ 7.8 ಕೋಟಿ ಲಾಭ ಎನ್ನುತ್ತದೆ. ಮೊದಲನೆಯದಾಗಿ ಅದು ಸಾವಿರಕ್ಕೂ ಹೆಚ್ಚು ದೊಡ್ಡ ಕಂಪನಿಗಳು ತಮ್ಮ ನಿರೀಕ್ಷೆ ಹೇಳಿದ ಸಮೀಕ್ಷೆಯ ಮೇಲೆ ನಿಂತ ಲೆಕ್ಕ. ಎರಡನೆಯದಾಗಿ, ಕಳೆದುಕೊಳ್ಳುವ 9.2 ಕೋಟಿ ಜನರೇ ಆ 17 ಕೋಟಿಗೆ ಹೋಗುತ್ತಾರೆ ಎಂದು ಅದು ಹೇಳುವುದಿಲ್ಲ. ಅಚ್ಚುಕೂಟದಲ್ಲಿ ಮೊಳೆ ಜೋಡಿಸುವ ಕೆಲಸ ಹೋಗಿ ಡಿಟಿಪಿ ಬಂದಾಗ ಕೆಲಸದ ಸಂಖ್ಯೆ ಕೂಡಿರಬಹುದು. ಐವತ್ತು ದಾಟಿದ ಮೊಳೆ ಜೋಡಣೆಗಾರ ಕಂಪ್ಯೂಟರ್ ಮುಂದೆ ಕೂತನೇ ಎಂಬುದಕ್ಕೆ ನಿವ್ವಳ ಅಂಕಿಯಲ್ಲಿ ಜಾಗವಿಲ್ಲ.

ಐಟಿ ಕಂಪನಿಗಳ 'ಲೇಆಫ್' ಸುದ್ದಿಗೆ ಒಂದು ಚಿಕ್ಕ ಪಟ್ಟು. ತ್ರೈಮಾಸಿಕ ಫಲಿತಾಂಶದ ಹಾಳೆಯಲ್ಲಿ ಒಟ್ಟು ನೌಕರರ ಸಂಖ್ಯೆ ಮತ್ತು ಅಟ್ರಿಷನ್ ದರ, ಅಂದರೆ ಕಳೆದ 12 ತಿಂಗಳಲ್ಲಿ ತಾವಾಗಿ ಬಿಟ್ಟುಹೋದವರ ಪಾಲು, ಎರಡೂ ಸಾಮಾನ್ಯವಾಗಿ ಇರುತ್ತವೆ. 3 ಲಕ್ಷ ಜನರ ಕಂಪನಿ, ಅಟ್ರಿಷನ್ ಶೇ 13 ಎಂದರೆ ವರ್ಷಕ್ಕೆ 39,000 ಜನ ಹೋಗುತ್ತಾರೆ. ವರ್ಷದ ಕೊನೆಗೆ ಒಟ್ಟು ಸಂಖ್ಯೆ 6,000 ಏರಿದ್ದರೆ 45,000 ಜನರನ್ನು ತೆಗೆದುಕೊಂಡಿದ್ದಾರೆ. ಏರದೆ ಇಳಿಯದೆ ನಿಂತಿದ್ದರೆ 39,000. ಒಟ್ಟು 20,000 ಕುಗ್ಗಿದ್ದರೆ 19,000 ಮಾತ್ರ. ಯಾರನ್ನೂ ಹೊರಗೆ ಹಾಕದೆಯೇ ಹೊಸಬರ ಬಾಗಿಲು ಅರ್ಧಕ್ಕಿಂತ ಹೆಚ್ಚು ಮುಚ್ಚಿತು. ಕ್ಯಾಂಪಸ್ ಆಫರ್ ಲೆಟರ್ ಹಿಡಿದು ಜಾಯಿನಿಂಗ್ ಡೇಟ್‌ಗೆ ಕಾಯುವವರ ಕಷ್ಟ ಲೇಆಫ್ ಪಟ್ಟಿಗೆ ಎಂದೂ ಬರುವುದಿಲ್ಲ. ಈ ಲೆಕ್ಕದಲ್ಲಿ ಮಾತ್ರ ಕಾಣುತ್ತದೆ.

ಗಿನಿ ಸೂಚ್ಯಂಕವನ್ನು ಕೈಯಾರೆ ಕಟ್ಟುವುದು

ಗಿನಿ ಎಂಬುದು ಅಸಮಾನತೆಯ ಅಳತೆ. ಅದು ಸೊನ್ನೆಯಾದರೆ ಎಲ್ಲರಿಗೂ ಸಮಪಾಲು, ಒಂದರ ಹತ್ತಿರ ಹೋದಂತೆ ಎಲ್ಲವೂ ಒಬ್ಬರಿಗೇ. ಕೆಲವರು ನೂರರಿಂದ ಗುಣಿಸಿ ಬರೆಯುತ್ತಾರೆ, 0.255 ಮತ್ತು 25.5 ಒಂದೇ. ಒಮ್ಮೆ ಸ್ವಂತ ಕೈಯಿಂದ ಮಾಡಿದರೆ ಅದರ ಹುಳುಕು ತಿಳಿಯುತ್ತದೆ.

ಐದು ಮನೆ. ತಿಂಗಳ ಆದಾಯ ಸಾವಿರ ರೂಪಾಯಿಗಳಲ್ಲಿ 10, 15, 20, 30, 125. ಶೀಟಿನ ಮೊದಲ ಅಂಕಣದಲ್ಲಿ ಕಡಿಮೆಯಿಂದ ಹೆಚ್ಚಿಗೆ ಇಳಿಸಿ ಬರೆಯಿರಿ. ಈ ಕ್ರಮ ತಪ್ಪಿದರೆ ಉತ್ತರ ಅಸಂಬದ್ಧವಾಗುತ್ತದೆ, ಋಣ ಸಂಖ್ಯೆ ಬಂದರೆ ಕಾರಣ ಬಹುತೇಕ ಇದೇ. ಎರಡನೇ ಅಂಕಣದಲ್ಲಿ ಸಾಲಿನ ಕ್ರಮಸಂಖ್ಯೆಯಿಂದ ಗುಣಿಸಿ: 10, 30, 60, 120, 625. ಕೂಡಿದರೆ 845, ಎರಡರಿಂದ ಗುಣಿಸಿದರೆ 1690. ಅದನ್ನು ಮನೆಗಳ ಸಂಖ್ಯೆ ಗುಣಿಸು ಒಟ್ಟು ಆದಾಯದಿಂದ, ಅಂದರೆ 5 × 200 = 1000ದಿಂದ ಭಾಗಿಸಿ: 1.69. ಇದರಿಂದ ಮನೆಗಳ ಸಂಖ್ಯೆಗೆ ಒಂದು ಕೂಡಿ ಮತ್ತೆ ಮನೆಗಳ ಸಂಖ್ಯೆಯಿಂದ ಭಾಗಿಸಿದ್ದನ್ನು, ಅಂದರೆ 6/5 = 1.2ನ್ನು ಕಳೆಯಿರಿ. ಗಿನಿ 0.49.

ಈಗ ಅದೇ ಮನೆಗಳ ಖರ್ಚು: 10, 14, 17, 23, 46. ಬಡವರ ಮನೆಯಲ್ಲಿ ಬಂದದ್ದೆಲ್ಲ ಖರ್ಚಾಗುತ್ತದೆ, ಮೇಲಿನವರಲ್ಲಿ ದೊಡ್ಡ ಪಾಲು ಎಫ್‌ಡಿ, ಷೇರು, ಸೈಟಿಗೆ ಹೋಗುತ್ತದೆ. ಲೆಕ್ಕ ಹಾಕಿದರೆ 0.29. ಇನ್ನೊಂದು ಹೆಜ್ಜೆ: ಐದನೇ ಮನೆಯವರು ಅಪಾರ್ಟ್‌ಮೆಂಟ್ ಗೇಟಿನಲ್ಲೇ ಸಮೀಕ್ಷಕರನ್ನು ವಾಪಸ್ ಕಳಿಸಿದರು ಎನ್ನಿ. ಉಳಿದ ನಾಲ್ಕು ಮನೆಗಳ ಖರ್ಚಿನ ಗಿನಿ 0.16. ಐದು ಮನೆಗಳ ಬೀದಿ ಒಂದಿಷ್ಟೂ ಬದಲಾಗಿಲ್ಲ, ಅಳತೆ 0.49ರಿಂದ 0.16ಕ್ಕೆ ಬಂತು.

ಮೊದಲಲ್ಲಿ ಹೇಳಿದ 'ನಾಲ್ಕನೇ ಅತಿ ಸಮಾನ ದೇಶ' ಎಂಬ ಪ್ರಕಟಣೆಗೆ ಆಧಾರವಾದ, ಭಾರತಕ್ಕೆ ವಿಶ್ವ ಬ್ಯಾಂಕ್ ಕೊಟ್ಟ 25.5 ಎಂಬುದು 2022–23ರ ಗೃಹಬಳಕೆ ಖರ್ಚಿನ ಗಿನಿ. ಪಟ್ಟಿಯಲ್ಲಿ ಭಾರತಕ್ಕಿಂತ ಮೇಲಿದ್ದ ಸ್ಲೊವಾಕಿಯ, ಸ್ಲೊವೇನಿಯಗಳದ್ದೂ ಕೆಳಗಿದ್ದ ಅಮೆರಿಕದ್ದೂ ಆದಾಯದ ಗಿನಿ. ಖರ್ಚನ್ನು ಆದಾಯದ ಪಕ್ಕ ನಿಲ್ಲಿಸಿ ರ‍್ಯಾಂಕ್ ಕೊಡಲು ಬರುವುದಿಲ್ಲ. ಬಳಕೆಯ ಅಸಮಾನತೆ ದತ್ತಾಂಶದ ಮಿತಿಯಿಂದ ಕಡಿಮೆ ಕಾಣುತ್ತಿರಬಹುದು ಎಂದು ಬ್ಯಾಂಕಿನ ಅದೇ ಟಿಪ್ಪಣಿ ಹೇಳಿದೆ, ಆದಾಯದ ಗಿನಿ 2023ರಲ್ಲಿ 62 ಎಂಬ ವಿಶ್ವ ಅಸಮಾನತೆ ದತ್ತಸಂಚಯದ ಅಂಕಿಯನ್ನೂ ಉಲ್ಲೇಖಿಸಿದೆ.

ಆ 62ನ್ನೂ ಕಣ್ಣುಮುಚ್ಚಿ ಒಪ್ಪಬೇಕಾಗಿಲ್ಲ. ಅದು ತೆರಿಗೆ ವಿವರ, ಸಮೀಕ್ಷೆ, ರಾಷ್ಟ್ರೀಯ ಲೆಕ್ಕಪತ್ರಗಳನ್ನು ಹೊಲಿದು ಮಾಡಿದ, ತೆರಿಗೆ ಕಟ್ಟುವ ಮೊದಲಿನ ಆದಾಯದ ಅಂದಾಜು. ಪಡಿತರ ಅಕ್ಕಿ, ಗೃಹಲಕ್ಷ್ಮಿಯ 2,000 ರೂ. ಅದರೊಳಗೆ ಇಲ್ಲ. ನಮ್ಮ ಶೀಟಿನಲ್ಲೇ ನೋಡಿ: ಮೊದಲ ನಾಲ್ಕು ಮನೆಗೆ ಎರಡೆರಡು ಸಾವಿರ ಸೇರಿಸಿದರೆ 12, 17, 22, 32, 125, ಗಿನಿ 0.49ರಿಂದ 0.46ಕ್ಕೆ ಇಳಿಯುತ್ತದೆ. ಅಂಥ ಯೋಜನೆಯ ಪರಿಣಾಮ ಅಳೆಯಲು ತೆರಿಗೆಪೂರ್ವ ಗಿನಿ ಹಿಡಿದು ಕೂತರೆ ಏನೂ ಕಾಣುವುದಿಲ್ಲ. ಇನ್ನೊಂದು ಪ್ರಯೋಗ: ಎಲ್ಲ ಐದು ಆದಾಯವನ್ನೂ ಎರಡು ಪಟ್ಟು ಮಾಡಿ. ಗಿನಿ 0.49ರಲ್ಲೇ ನಿಲ್ಲುತ್ತದೆ, ಮೊದಲ ಮತ್ತು ಕೊನೆಯ ಮನೆಯ ಅಂತರ ಮಾತ್ರ 1,15,000ದಿಂದ 2,30,000 ರೂ.ಗೆ ಹೋಗಿದೆ. ಅಂತರ ಹೆಚ್ಚಿತು ಎನ್ನುವವರೂ ಅಸಮಾನತೆ ಬದಲಾಗಿಲ್ಲ ಎನ್ನುವವರೂ ಇಬ್ಬರೂ ಸರಿ.

ಆದಾಯ ಬೇರೆ, ಸಂಪತ್ತು ಬೇರೆ ಎಂಬುದು ಗೊತ್ತಿದ್ದೂ ಬರಹದಲ್ಲಿ ಬೆರೆತುಹೋಗುತ್ತದೆ. 2022–23ರಲ್ಲಿ ಭಾರತದ ಮೇಲಿನ ಶೇ 1 ಜನರಿಗೆ ಹೋದದ್ದು ಆದಾಯದ ಶೇ 22.6, ಸಂಪತ್ತಿನ ಶೇ 40.1, ಇದು ಅರ್ಥಶಾಸ್ತ್ರಜ್ಞ ಪಿಕೆಟ್ಟಿ ಮತ್ತು ಸಂಗಡಿಗರ ಅಂದಾಜು. ಸಂಪತ್ತಿನ ಅಂಕಿಗೆ ಇನ್ನೊಂದು ತೊಡಕು, ಸಾಲ ಕಳೆದ ನಿವ್ವಳ ಲೆಕ್ಕ. 2017ರ ಜನವರಿಯಲ್ಲಿ ಆಕ್ಸ್‌ಫ್ಯಾಮ್ ಎಂಟು ಗಂಡಸರ ಬಳಿ ಜಗತ್ತಿನ ಕೆಳಗಿನ ಅರ್ಧ ಜನರಷ್ಟು ಸಂಪತ್ತಿದೆ ಎಂದಿತು. ಹಿಂದಿನ ವರ್ಷ ಅದು 62 ಜನ ಎಂದಿತ್ತು. ಒಂದೇ ವರ್ಷದಲ್ಲಿ 54 ಜನ ಕಳಚಿಕೊಂಡದ್ದಕ್ಕೆ ದೊಡ್ಡ ಕಾರಣ ಭಾರತ ಮತ್ತು ಚೀನಾದ ಬಡವರ ಆಸ್ತಿಯ ಹೊಸ, ಇನ್ನೂ ಕಡಿಮೆಯ ಅಂದಾಜು ಬಂದದ್ದು. ಜೊತೆಗೆ, ಶಿಕ್ಷಣ ಸಾಲ ಹೊತ್ತ ಅಮೆರಿಕದ ಹೊಸ ಡಾಕ್ಟರ್ ನಿವ್ವಳ ಲೆಕ್ಕದಲ್ಲಿ ಋಣದಲ್ಲಿರುವುದರಿಂದ, ಸಾಲವಿಲ್ಲದ, ಎರಡು ಕುರಿ ಇರುವ ಕೂಲಿಕಾರನಿಗಿಂತ ಕೆಳಗೆ ನಿಲ್ಲುತ್ತಾನೆ.

ನೀವೇ ದೇಶಗಳನ್ನು ಹೋಲಿಸಲು ಹೊರಟಿದ್ದರೆ ಬಡತನ, ಅಸಮಾನತೆಯ ಅಂಕಿಗಳಿರುವ ವಿಶ್ವ ಬ್ಯಾಂಕಿನ ಪಿಐಪಿ ತಾಣದಿಂದ ಇಡೀ ಫೈಲ್ ಇಳಿಸಿಕೊಳ್ಳಿ; ಅದರಲ್ಲಿ 'ವೆಲ್‌ಫೇರ್ ಟೈಪ್' ಎಂಬ ಅಂಕಣವಿದೆ, ಪ್ರತಿ ಸಾಲೂ 'ಇನ್‌ಕಮ್' ಅಥವಾ 'ಕನ್ಸಂಪ್ಷನ್' ಎಂದು ಹೇಳುತ್ತದೆ. ಮೊದಲು ಅದರಿಂದ ಫಿಲ್ಟರ್ ಹಾಕಿ, ಆಮೇಲೆ ವರ್ಷದ ಅಂಕಣ ನೋಡಿ. ಕೆಲವು ದೇಶಗಳ ಕೊನೆಯ ಸಮೀಕ್ಷೆ ಹತ್ತು ವರ್ಷ ಹಳೆಯದು. ದಕ್ಷಿಣ ಆಫ್ರಿಕದ್ದೆಂದು ಎಲ್ಲ ಕಡೆ ತಿರುಗುವ 63 ಸಹ 2014ರದ್ದು. ಫಿಲ್ಟರ್ ಆದಮೇಲೆ ಭಾರತದ ಪಕ್ಕ ಉಳಿಯುವುದು ಹೆಚ್ಚಾಗಿ ಏಷ್ಯಾ, ಆಫ್ರಿಕದ ದೇಶಗಳು. ರ‍್ಯಾಂಕ್ ಬೇಕೇಬೇಕು ಎಂದರೆ ಅವುಗಳ ಒಳಗೇ ಕೊಡಿ.